ಗ್ಲೌಸ್ ಕೊಳ್ಳೋ ಮೊದಲು ಯಾವ ಚಳಿ, ಯಾವ ಕೈ ಅಂತ ಕೇಳ್ಕೊಳ್ಳಿ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಇಯರ್‌ಫೋನಲ್ಲಿ ಕೇಳ್ತಿರೋರಿಗೆ, ಮನೇಲಿ ಅಡಿಕೆ ಸುಲೀತಾ ಸ್ಪೀಕರ್ ಆನ್ ಮಾಡ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಕೇಳಿದ್ರೆ ಕೆಲವರು ನಗಬಹುದು. ಚಳಿಯಲ್ಲಿ ಹೊರಗೆ ನಿಂತು ಫೋಟೋ ತೆಗೆಯೋಕೆ ಯಾವ ಗ್ಲೌಸ್ ಕೊಳ್ಳಬೇಕು ಅನ್ನೋದು. "ಬುಕ್ಕಾಂಬುಧಿಯಲ್ಲಿ ಕೂತು ಗ್ಲೌಸ್ ಬಗ್ಗೆ ಮಾತಾಡ್ತೀಯಲ್ಲ, ಇದೇನು ಕಾಶ್ಮೀರನಾ?" ಅಂತ ನನ್ನ ಸ್ನೇಹಿತನೇ ಕೇಳಿದ. ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೇ ಈ ಸಂಚಿಕೆ.

ದೀಪಾವಳಿ ಕಳೀತಿದ್ದ ಹಾಗೇ ನನ್ನ ಇನ್‌ಸ್ಟಾಗ್ರಾಮಿಗೆ ಒಂದೇ ಥರದ ಮೆಸೇಜ್ ಬರೋಕೆ ಶುರುವಾಗುತ್ತೆ. "ಅಣ್ಣ, ಮೂರು ಸಾವಿರದ ಗ್ಲೌಸ್ ನೋಡಿದೀನಿ. ಮೈನಸ್ ಇಪ್ಪತ್ತಕ್ಕೂ ಆಗುತ್ತಂತೆ. ತಗೊಳ್ಲಾ?" ನಾನು ತಿರುಗಿ ಎರಡೇ ಪ್ರಶ್ನೆ ಕೇಳ್ತೀನಿ. ಯಾವ ಚಳಿಗೆ? ಆ ಕೈ ಮಾಡೋ ಕೆಲಸ ಏನು? ಈ ಎರಡಕ್ಕೆ ಉತ್ತರ ಸಿಕ್ಕಿದ್ರೆ ಗ್ಲೌಸ್ ತಾನಾಗೇ ಗೊತ್ತಾಗುತ್ತೆ. ಹೆಚ್ಚಿನ ಸಲ ಆ ಮೂರು ಸಾವಿರವೂ ಉಳಿಯುತ್ತೆ.

ಮೊದಲು ಕೈ ಯಾಕೆ ಬೇಗ ತಣ್ಣಗಾಗುತ್ತೆ ಅಂತ ನೋಡೋಣ. ಬೆರಳಲ್ಲಿ ಮಾಂಸ ಕಡಿಮೆ, ಸುತ್ತ ಚರ್ಮವೇ ಜಾಸ್ತಿ. ಒಳಗೆ ಶಾಖ ಹುಟ್ಟೋದು ಕಮ್ಮಿ, ಹೊರಗೆ ಹೋಗೋದು ಹೆಚ್ಚು. ಬೆರಳನ್ನ ಬೆಚ್ಚಗಿಡೋದು ಅಲ್ಲಿಗೆ ಹರಿದು ಬರೋ ರಕ್ತ. ಮೈಗೆ ಚಳಿಯಾದ ಕೂಡಲೇ ದೇಹ ಒಳಗಿನ ಹೃದಯ, ಶ್ವಾಸಕೋಶಗಳನ್ನ ಕಾಪಾಡೋಕೆ ಕೈಕಾಲಿನ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ನಲ್ಲಿ ತಿರುಗಿಸಿ ನೀರು ಕಮ್ಮಿ ಮಾಡ್ತೀವಲ್ಲ, ಹಾಗೆ. ಗ್ಲೌಸ್ ಶಾಖ ಹುಟ್ಟಿಸಲ್ಲ, ಇರೋ ಶಾಖವನ್ನ ಹಿಡಿದಿಡುತ್ತೆ ಅಷ್ಟೆ. ಮೈಮೇಲೆ ಬರೀ ಟೀ ಶರ್ಟು, ತಲೆಗೆ ಏನೂ ಇಲ್ಲ, ಕೈಗೆ ಮಾತ್ರ ಮೂರು ಸಾವಿರದ ಗ್ಲೌಸ್ ಅಂದ್ರೆ, ನಲ್ಲಿ ಮುಚ್ಚಿ ಬಕೆಟ್ ಇಟ್ಟ ಹಾಗಾಯ್ತು. ಕೈಗೆ ಚಳಿಯಾಗ್ತಿದ್ರೆ ಮೊದಲು ಟೋಪಿ, ಸ್ವೆಟರ್, ಮಫ್ಲರ್ ಹಾಕ್ಕೊಳ್ಳಿ. ಗ್ಲೌಸ್ ಆಮೇಲೆ.

ಎರಡು ಸಂಖ್ಯೆ ನೆನಪಿಟ್ಕೊಳ್ಳಿ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದ್ರೆ ಸಣ್ಣ ಗುಂಡಿ ಒತ್ತೋದು, ಸ್ಕ್ರೂ ತಿರುಗಿಸೋದು ಕಷ್ಟವಾಗುತ್ತೆ. ಸುಮಾರು 8 ಡಿಗ್ರಿಗೆ ಬಂದ್ರೆ ಮುಟ್ಟಿದ್ದೇ ಗೊತ್ತಾಗಲ್ಲ. ನಾನು ಹೇಳ್ತಿರೋದು ಚರ್ಮದ ಉಷ್ಣತೆ, ಹವಾಮಾನದ್ದಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಅಜ್ಜಂಪುರ, ಕಡೂರು ಕಡೆ ಮುಂಜಾನೆ 13, 14 ಡಿಗ್ರಿ ಆಸುಪಾಸು ಇರುತ್ತೆ, ಕೆಲವು ದಿನ ಅದಕ್ಕೂ ಕೆಳಗೆ. ಅಷ್ಟರಲ್ಲೂ ಬರಿಗೈಯಲ್ಲಿ ಲೋಹದ ಕ್ಯಾಮೆರಾ ಹಿಡ್ಕೊಂಡು ಅರ್ಧ ಗಂಟೆ ಕೂತ್ರೆ ಬೆರಳು ಮರಗಟ್ಟುತ್ತೆ. ಹಾಗಾಗಿ ಇದು ಕಾಶ್ಮೀರದವರ ಸಮಸ್ಯೆ ಮಾತ್ರ ಅಲ್ಲ.

ಇನ್ನು ಚಳಿಯ ಲೆಕ್ಕ. ನಮ್ಮ ಕಡೆ ಫೋಟೋ ತೆಗೆಯೋರಿಗೆ ಸಿಗೋದು ಮೂರು ಥರದ ಚಳಿ. ಕೆರೆ ಚಳಿ, ದಾರಿ ಚಳಿ, ಬೆಟ್ಟದ ಚಳಿ. ಮೂರಕ್ಕೂ ಒಂದೇ ಗ್ಲೌಸ್ ಆಗಲ್ಲ.

ಕೆರೆ ಚಳಿ ಮೊದಲು. ನಮ್ಮೂರ ಹೆಸರಲ್ಲೇ ಅಂಬುಧಿ ಇದೆ, ಅಂದ್ರೆ ಕಡಲು. ಗಾಳಿ ಇಲ್ಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ಕೂರುತ್ತೆ. ಬೆಳಿಗ್ಗೆ ಏರಿ ಮೇಲಿಂದ ಕೆರೆಯಂಗಳಕ್ಕೆ ಇಳಿದ್ರೆ ಚಳಿ ಇದ್ದಕ್ಕಿದ್ದ ಹಾಗೆ ಜಾಸ್ತಿ ಆಗೋದು ನಿಮಗೂ ಗೊತ್ತಾಗಿರುತ್ತೆ. ಇಲ್ಲಿ ಗಾಳಿಯ ಕಾಟ ಕಡಿಮೆ, ತೇವದ ಕಾಟ ಜಾಸ್ತಿ. ಹಕ್ಕಿ ಫೋಟೋ ಅಂದ್ರೆ ಹುಲ್ಲಲ್ಲಿ ಕೂರಬೇಕು, ಕೆಲವೊಮ್ಮೆ ಹೊಟ್ಟೆ ಮೇಲೆ ಮಲಗಬೇಕು. ಹುಲ್ಲಿನ ತುಂಬಾ ಇಬ್ಬನಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ. ಅಂದ್ರೆ ಒದ್ದೆ ಗ್ಲೌಸ್ ಕೈಯ ಶಾಖವನ್ನ ಹೀರಿ ಹೊರಗೆ ಹಾಕ್ತಾನೇ ಇರುತ್ತೆ.

ಹಾಗಾಗಿ ಕೆರೆಗೆ ಹೋಗುವಾಗ ಹತ್ತಿ ಗ್ಲೌಸ್ ಬೇಡ. ಹತ್ತಿ ನೀರು ಹೀರಿದ್ರೆ ಬೇಗ ಒಣಗಲ್ಲ. ಉಣ್ಣೆ ಹಾಗಲ್ಲ, ಸ್ವಲ್ಪ ತೇವ ಆದ್ರೂ ಬೆಚ್ಚಗಿರುತ್ತೆ. ಇದನ್ನ ನಮಗೆ ಯಾವ ಕಂಪನಿಯವರೂ ಹೇಳಿಕೊಡಬೇಕಾಗಿಲ್ಲ. ಜಡಿಮಳೆಯಲ್ಲಿ ಕರಿ ಕಂಬಳಿ ಹೊದ್ದು ಕುರಿ ಕಾಯೋರನ್ನ ನೋಡಿ ಬೆಳೆದವರು ನಾವು. ನಾನು ಕೆರೆಗೆ ತಗೊಂಡು ಹೋಗೋದು ತೆಳುವಾದ ಒಂದು ಉಣ್ಣೆ ಗ್ಲೌಸ್, ಅದರ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ರಬ್ಬರ್ ಕೋಟಿಂಗ್ ಇರೋ ಕೆಲಸದ ಗ್ಲೌಸ್. ಕಟ್ಟಡ ಕೆಲಸದೋರು ಹಾಕ್ಕೊಳ್ತಾರಲ್ಲ, ಅದೇ. ಅಂಗೈ ಕಡೆ ನೀರು ಒಳಗೆ ಬರಲ್ಲ, ಕ್ಯಾಮೆರಾ ಜಾರಲ್ಲ. ಎರಡೂ ಸೇರಿ ನನಗೆ ಬಿದ್ದ ಖರ್ಚು ಇನ್ನೂರು ರೂಪಾಯಿ ಒಳಗೆ.

ಎರಡನೇದು ದಾರಿ ಚಳಿ. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಬಾಸೂರು ಅಮೃತಮಹಲ್ ಕಾವಲಿಗೆ ಕೃಷ್ಣಮೃಗ ನೋಡೋಕೆ ಹೋಗ್ಬೇಕು ಅಂದ್ರೂ, ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿಗೆ ಹೋಗ್ಬೇಕು ಅಂದ್ರೂ ಕತ್ತಲಲ್ಲೇ ಬೈಕ್ ಹತ್ತಬೇಕು. ಗಾಳಿ ಬಡಿದಾಗ ಚರ್ಮಕ್ಕೆ ಎಷ್ಟು ಚಳಿ ಅನ್ಸುತ್ತೆ ಅಂತ ಲೆಕ್ಕ ಹಾಕೋಕೆ ಹವಾಮಾನದೋರ ಹತ್ತಿರ ಒಂದು ಸೂತ್ರ ಇದೆ. ಅದರ ಪ್ರಕಾರ ಹೊರಗೆ 10 ಡಿಗ್ರಿ ಇದ್ದು, ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಬಡಿದ್ರೆ ಸುಮಾರು ಐದೂವರೆ ಡಿಗ್ರಿ ಇದ್ದ ಹಾಗೆ ಅನ್ಸುತ್ತೆ. ಬೈಕಿನ ಹ್ಯಾಂಡಲ್ ಹಿಡಿದ ಕೈ ಆ ಗಾಳಿಗೆ ನೇರವಾಗಿ ಸಿಗುತ್ತೆ. ಒಂದು ಗಂಟೆ ಹೀಗೆ ಹೋಗಿ ಇಳಿದ್ರೆ, ಕ್ಯಾಮೆರಾ ತೆಗೆಯೋ ಮೊದಲೇ ಕೈ ಸೋತಿರುತ್ತೆ.

ದಾರಿಗೆ ಬೇಕಾಗಿರೋದು ಗಾಳಿ ತಡೆಯೋ ಗ್ಲೌಸ್. ಚರ್ಮದ್ದು ಅಥವಾ ಬೈಕ್ ಓಡಿಸೋರ ದಪ್ಪ ಗ್ಲೌಸ್. ಬರೀ ಉಣ್ಣೆ ಹಾಕ್ಕೊಂಡ್ರೆ ಹೆಣಿಗೆಯ ತೂತಲ್ಲಿ ಗಾಳಿ ನುಗ್ಗುತ್ತೆ. ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಹಾಲು ಹಾಕೋಕೆ ಹೋಗೋ ಅಣ್ಣಂದಿರನ್ನ ನೋಡಿರ್ತೀರ. ನೋಡೋಕೆ ಚೆಂದ ಇಲ್ಲ, ಆದರೆ ಲೆಕ್ಕ ಸರಿಯಾಗಿದೆ. ನೆನಪಿಡಿ, ಬೈಕಿನ ಗ್ಲೌಸ್ ಹಾಕ್ಕೊಂಡು ಫೋಟೋ ತೆಗೆಯೋಕೆ ಆಗಲ್ಲ, ಫೋಟೋ ಗ್ಲೌಸ್ ಹಾಕ್ಕೊಂಡು ಬೈಕ್ ಓಡಿಸಿದ್ರೆ ಬೆಚ್ಚಗಿರಲ್ಲ. ಎರಡು ಜೊತೆ ಬೇಕು. ಇಳಿದ ಕೂಡಲೇ ಕ್ಯಾಮೆರಾಗೆ ಕೈ ಹಾಕಬೇಡಿ. ತೋಳನ್ನ ಜೋರಾಗಿ ಗಿರ್ರನೆ ಹತ್ತಿಪ್ಪತ್ತು ಸಲ ತಿರುಗಿಸಿ, ರಕ್ತ ಬೆರಳ ತುದಿಗೆ ಬರುತ್ತೆ. ಚಹಾ ಸಿಕ್ಕಿದ್ರೆ ಕುಡಿಯೋ ಮೊದಲು ಗ್ಲಾಸನ್ನ ಎರಡೂ ಕೈಯಲ್ಲಿ ಹಿಡ್ಕೊಳ್ಳಿ.

ಮೂರನೇದು ಬೆಟ್ಟದ ಚಳಿ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ಸಾಮಾನ್ಯವಾಗಿ ಸಾವಿರ ಮೀಟರ್ ಮೇಲೇರಿದ್ರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಅದರ ಮೇಲೆ ಗಾಳಿ. ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಅಂಚಲ್ಲಿ ನಿಂತವರಿಗೆ ಆ ಗಾಳಿ ಏನು ಅಂತ ಗೊತ್ತು. ಕೆರೆಯಲ್ಲಿ ಕೂತು ಕಾಯ್ತೀವಿ, ಬೆಟ್ಟದಲ್ಲಿ ನಿಂತು ಕೆಲಸ ಮಾಡ್ತೀವಿ. ಕೆಲಸ ಅಂತ ಯಾಕಂದೆ ಅಂದ್ರೆ, ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಅದು ಹೊಟ್ಟೆಪಾಡು. ಪ್ರೀ ವೆಡ್ಡಿಂಗ್ ಶೂಟ್. ಸೂರ್ಯ ಹುಟ್ಟೋ ಹೊತ್ತಿಗೆ ಮಂಜು ಬೇಕು, ಗಾಳಿಗೆ ಹಾರೋ ಸೆರಗು ಬೇಕು ಅಂತ ಕೇಳ್ತಾರೆ. ಆ ಮಂಜು, ಆ ಗಾಳಿ ಎರಡೂ ಬೀಳೋದು ಕೆಲಸ ಮಾಡೋರ ಕೈ ಮೇಲೆ.

ಇಲ್ಲೊಂದು ವಿಷಯ ಹೇಳ್ಬೇಕು. ನಮ್ಮ ಕಡೆಯ ಒಬ್ಬ ಹುಡುಗ, ಪಿಯುಸಿ ಮುಗಿಸಿ ಮದುವೆ ಸೀಸನ್ನಲ್ಲಿ ಲೈಟ್ ಹಿಡಿಯೋಕೆ ಹೋಗ್ತಾನೆ. ದಿನಕ್ಕೆ 800 ರೂಪಾಯಿ. ಕಳೆದ ಜನವರಿಯಲ್ಲಿ ಒಂದು ಬೆಟ್ಟದ ಮೇಲೆ ಶೂಟ್ ಇತ್ತು. ಫೋಟೋಗ್ರಾಫರ್ ಕೈಗೆ ಗ್ಲೌಸ್ ಇತ್ತು, ವಿಡಿಯೋ ತೆಗೆಯೋರ ಕೈಗೂ ಇತ್ತು. ಇವನದ್ದು ಬರಿಗೈ. ಒಂದು ಗಂಟೆ ಅಲ್ಯೂಮಿನಿಯಂ ರಾಡ್ ಎತ್ತಿ ಹಿಡಿದು ನಿಂತಿದ್ದ. ಲೈಟ್ ಕೈಜಾರಿ ಬಂಡೆ ಮೇಲೆ ಬಿತ್ತು. ಮೂರು ದಿನದ ಕೂಲಿ ಹಿಡ್ಕೊಂಡ್ರು. ಅವನು ನನಗೆ ಹೇಳಿದ್ದು ಇಷ್ಟು: "ಹಿಡ್ಕೊಂಡೇ ಇದೀನಿ ಅನ್ಕೊಂಡಿದ್ದೆ ಕಣಣ್ಣ. ಕೈಯಲ್ಲಿ ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ." 

ಆಗಲೇ ಹೇಳಿದ ಎರಡನೇ ಸಂಖ್ಯೆ ನೆನಪು ಮಾಡ್ಕೊಳ್ಳಿ. ಚರ್ಮ ಅಷ್ಟು ತಣ್ಣಗಾದ್ರೆ ಸ್ಪರ್ಶ ಹೋಗುತ್ತೆ. ಅದನ್ನ ಅಜಾಗರೂಕತೆ ಅಂತ ಹೇಗೆ ಕರೆಯೋದು? ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ಹಿಡಿದ ಕೂಲಿ 2,400. ಅವನಿಗೆ ಬೇಕಾಗಿದ್ದ ಗ್ಲೌಸ್ ಬೆಲೆ ಹೆಚ್ಚೆಂದ್ರೆ 200. ಒಡೆದ ಲೈಟಿನ ಬೆಲೆ ಎರಡಕ್ಕಿಂತಲೂ ಜಾಸ್ತಿ. ಈ ವ್ಯವಹಾರದಲ್ಲಿ ಯಾರಿಗೂ ಲಾಭ ಆಗ್ಲಿಲ್ಲ.

ಇಲ್ಲಿಗೆ ನನ್ನ ಎರಡನೇ ಪ್ರಶ್ನೆ ಬರುತ್ತೆ. ಆ ಕೈ ಮಾಡೋ ಕೆಲಸ ಏನು? ಲೈಟ್, ರಿಫ್ಲೆಕ್ಟರ್ ಹಿಡಿಯೋ ಕೈಗೆ ಬೆರಳಿನ ಸೂಕ್ಷ್ಮ ಬೇಡ, ಗಟ್ಟಿ ಹಿಡಿತ ಬೇಕು. ಹಾಗಾಗಿ ಅವರ ಗ್ಲೌಸ್ ಎಷ್ಟು ದಪ್ಪ ಇದ್ರೂ ನಡೆಯುತ್ತೆ. ಒಳಗೆ ಉಣ್ಣೆ, ಹೊರಗೆ ಅಂಗೈಗೆ ರಬ್ಬರ್ ಇದ್ರೆ ಸಾಕು. ತಂಡದಲ್ಲಿ ಅತಿ ಕಡಿಮೆ ಖರ್ಚಲ್ಲಿ ಬೆಚ್ಚಗಿಡಬಹುದಾದ ಕೈ ಅದೇ. ನಾವು ಅತಿ ಹೆಚ್ಚು ಮರೆಯೋ ಕೈಯೂ ಅದೇ.

ಕ್ಯಾಮೆರಾ ಹಿಡಿಯೋರ ಎರಡು ಕೈಗೂ ಒಂದೇ ಕೆಲಸ ಇರಲ್ಲ. ಎಡಗೈ ಲೆನ್ಸನ್ನ ಕೆಳಗಿಂದ ಹೊರುತ್ತೆ. ಅದಕ್ಕೆ ದಪ್ಪ ಗ್ಲೌಸ್ ಹಾಕಿ. ಬಲಗೈಯ ತೋರುಬೆರಳು ಶಟರ್ ಗುಂಡಿಯನ್ನ ಅರ್ಧ ಒತ್ತಿ ಫೋಕಸ್ ಹಿಡೀಬೇಕು, ಹೆಬ್ಬೆರಳು ಹಿಂದಿನ ಡಯಲ್ ತಿರುಗಿಸಬೇಕು. ಅದಕ್ಕೆ ತೆಳು ಗ್ಲೌಸ್. ಎರಡು ಕೈಗೂ ಒಂದೇ ಥರದ್ದು ಇರಲೇಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಬಲಗೈ ಗ್ಲೌಸಿನ ಬೆರಳ ತುದಿ ಪೂರ್ತಿ ಕತ್ತರಿಸಿಬಿಡೋ ಅಭ್ಯಾಸ ಕೆಲವರಿಗಿದೆ. ಉಣ್ಣೆಯದ್ದಾದ್ರೆ ಎರಡೇ ದಿನಕ್ಕೆ ನೂಲು ಬಿಚ್ಚಿಕೊಳ್ಳುತ್ತೆ, ಬೆರಳು ಇಡೀ ಹೊತ್ತು ಹೊರಗೇ ಇರುತ್ತೆ. ಅದಕ್ಕಿಂತ ತೋರುಬೆರಳ ಒಳಭಾಗದಲ್ಲಿ ಅಡ್ಡಕ್ಕೆ ಒಂದು ಸೀಳು ಮಾಡಿಸಿ, ಊರಿನ ಟೈಲರ್ ಹತ್ತಿರ ಅಂಚು ಹೊಲಿಸಿ. ಬೇಕಾದಾಗ ಬೆರಳು ಹೊರಗೆ, ಕೆಲಸ ಆದ ಮೇಲೆ ಒಳಗೆ.

ಈಗ ಫೋನಲ್ಲೇ ಫೋಟೋ ತೆಗೆಯೋರಿಗೆ. ಕೇಳುಗರಲ್ಲಿ ನೀವೇ ಜಾಸ್ತಿ ಅಂತ ಗೊತ್ತು. ಫೋನಿನ ಪರದೆ ಬೆರಳ ಒತ್ತಡವನ್ನ ನೋಡಲ್ಲ, ಚರ್ಮದ ಮೂಲಕ ಹರಿಯೋ ಸಣ್ಣ ವಿದ್ಯುತ್ ವ್ಯತ್ಯಾಸ ನೋಡುತ್ತೆ. ಮಾಮೂಲಿ ಬಟ್ಟೆ ಅದನ್ನ ತಡೆಯುತ್ತೆ. ಟಚ್‌ಸ್ಕ್ರೀನ್ ಗ್ಲೌಸ್ ಅಂತ ಮಾರೋದರ ಬೆರಳ ತುದಿಯಲ್ಲಿ ವಿದ್ಯುತ್ ಹರಿಯೋ ನೂಲು ಹೆಣೆದಿರ್ತಾರೆ. ಬಳಸ್ತಾ ಬಳಸ್ತಾ ಅದು ಸವೆಯುತ್ತೆ. ಹಾಗಾಗಿ ಬಹಳ ದುಡ್ಡು ಹಾಕಬೇಡಿ. ಅದಕ್ಕಿಂತ ಪರದೆ ಮುಟ್ಟದೇ ಇರೋದನ್ನ ಕಲೀರಿ. ಹೆಚ್ಚಿನ ಫೋನ್‌ಗಳಲ್ಲಿ ವಾಲ್ಯೂಮ್ ಗುಂಡಿ ಒತ್ತಿದ್ರೆ ಫೋಟೋ ಬರುತ್ತೆ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಗುಂಡಿ ಎರಡು ಸಲ ಒತ್ತಿದ್ರೆ ಕ್ಯಾಮೆರಾ ತೆರೆಯುತ್ತೆ. ಕೆಲವು ಫೋನ್‌ಗಳಲ್ಲಿ ಪರದೆಯ ಸ್ಪರ್ಶ ಸೂಕ್ಷ್ಮತೆ ಹೆಚ್ಚು ಮಾಡೋ ಆಯ್ಕೆ ಸೆಟ್ಟಿಂಗ್ಸಲ್ಲೇ ಇದೆ. ಇದಿಷ್ಟಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಅಂಗಡಿಗೆ ಹೋಗುವಾಗ ಕ್ಯಾಮೆರಾನೋ ಫೋನೋ ಜೊತೆಗೆ ಒಯ್ಯಿರಿ. ಗ್ಲೌಸ್ ಹಾಕ್ಕೊಂಡು ನಾಲ್ಕು ಕೆಲಸ ಮಾಡಿ ನೋಡಿ. ಶಟರ್ ಅರ್ಧ ಒತ್ತಿ. ಡಯಲ್ ಒಂದೊಂದೇ ಹಲ್ಲು ತಿರುಗಿಸಿ. ಬ್ಯಾಗಿನ ಜಿಪ್ ಎಳೀರಿ. ಬ್ಯಾಟರಿ ತೆಗೆದು ಹಾಕಿ. ನಾಲ್ಕರಲ್ಲಿ ಮೂರಾದ್ರೂ ಆಗದಿದ್ರೆ ಕೆಳಗಿಡಿ. ಆಮೇಲೆ ಮುಷ್ಟಿ ಕಟ್ಟಿ. ಬಿಗಿ ಅನ್ನಿಸಿದ್ರೆ ಬೇಡ. ಬಿಗಿ ಗ್ಲೌಸ್ ರಕ್ತ ತಡೆಯುತ್ತೆ, ಎಷ್ಟೇ ದಪ್ಪ ಇದ್ರೂ ಕೈ ತಣ್ಣಗಾಗುತ್ತೆ. ಒಂದರ ಮೇಲೊಂದು ಹಾಕ್ಕೊಳ್ಳೋದಾದ್ರೆ ಮೇಲಿನದು ಒಂದು ಸೈಜ್ ದೊಡ್ಡದಿರಲಿ. ತೋಳಿನೊಳಗೆ ಸೇರೋ ಹಾಗೆ ಮಣಿಕಟ್ಟು ಉದ್ದ ಇದೆಯಾ ಅಂತಲೂ ನೋಡಿ. ಗಾಳಿ ನುಗ್ಗೋದು ಅಲ್ಲಿಂದಲೇ.

ಅಮೆರಿಕದಲ್ಲೋ ಕೆನಡಾದಲ್ಲೋ ಇರೋ ಅಣ್ಣನೋ ಅಕ್ಕನೋ ಕಳಿಸಿದ ಹಿಮದ ಗ್ಲೌಸ್ ಕೆಲವರ ಹತ್ತಿರ ಇರುತ್ತೆ. ಪ್ರೀತಿಯಿಂದ ಇಟ್ಕೊಳ್ಳಿ. ಆದರೆ 14 ಡಿಗ್ರಿಯಲ್ಲಿ ಅದನ್ನ ಹಾಕ್ಕೊಂಡು ಬೆಟ್ಟ ಹತ್ತಿದ್ರೆ ಕೈ ಬೆವರುತ್ತೆ. ಬೆವರಿದ್ರೆ ಒದ್ದೆ, ಒದ್ದೆಯಾದ್ರೆ ಚಳಿ. ಜಾಸ್ತಿ ಬೆಚ್ಚಗಿನ ಗ್ಲೌಸ್ ಕೂಡ ಕೈಯನ್ನ ತಣ್ಣಗೆ ಮಾಡಬಹುದು.

ಹಾಗಾದ್ರೆ ಆ ಮೂರು ಸಾವಿರದ ಗ್ಲೌಸ್ ಯಾರಿಗೆ? ಹಿಮದ ಚಳಿಗೆ ಹೋಗೋರಿಗೆ. ಈಗ ನಮ್ಮ ರಾಜ್ಯದಿಂದಲೂ ಹಿಮಚಿರತೆ ನೋಡೋಕೆ ಅಂತ ಹಿಮಾಚಲದ ಸ್ಪಿತಿಗೆ, ಲಡಾಖಿಗೆ ಚಳಿಗಾಲದಲ್ಲೇ ಹೋಗೋರಿದ್ದಾರೆ. ಸ್ಪಿತಿಯ ಕಿಬ್ಬರ್ ಹಳ್ಳಿ 4,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಮೈನಸ್ 20 ಅನ್ನೋದು ಜಾಹೀರಾತಿನ ಮಾತಲ್ಲ. ಅಲ್ಲಿ ಮೂರು ಪದರ ಬೇಕು. ಒಳಗೆ ತೆಳು ಉಣ್ಣೆ, ಅದರ ಮೇಲೆ ಗಾಳಿ ತಡೆಯೋ ಗ್ಲೌಸ್, ಎಲ್ಲಕ್ಕಿಂತ ಮೇಲೆ ಮಿಟನ್. ಮಿಟನ್ ಅಂದ್ರೆ ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೂ ಸೇರಿ ಒಂದೇ ಗೂಡು. ನಾಲ್ಕು ಬೆರಳು ಒಟ್ಟಿಗಿದ್ರೆ ಒಂದಕ್ಕೊಂದು ಶಾಖ ಕೊಡುತ್ತೆ. ಒಂದೇ ಕಂಬಳಿಯೊಳಗೆ ನಾಲ್ಕು ಮಕ್ಕಳು ಮಲಗಿದ ಹಾಗೆ. ಕಾಯುವಾಗ ಮೂರೂ ಪದರ, ಚಿರತೆ ಕಂಡಾಗ ಮಿಟನ್ ಮಾತ್ರ ತೆಗೀಬೇಕು. ಬರಿ ಚರ್ಮದಲ್ಲಿ ಲೋಹ ಮುಟ್ಟಲೇಬಾರದು. ಮಿಟನ್ನಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಗಿಸ್ಕೊಳ್ಳಿ. ಗಾಳಿಗೆ ಹಾರಿ ಕಣಿವೆಗೆ ಬಿದ್ದ ಮಿಟನ್ ವಾಪಸ್ ಬರಲ್ಲ.

ಜೇಬಲ್ಲಿಡೋ ಹ್ಯಾಂಡ್ ವಾರ್ಮರ್ ಪೊಟ್ಟಣಗಳೂ ಸಿಗುತ್ತೆ. ಅದರೊಳಗಿರೋ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕ ಸೇರಿ ತುಕ್ಕು ಹಿಡಿಯುವಾಗ ಶಾಖ ಬಿಡುತ್ತೆ. ಅಷ್ಟು ಎತ್ತರದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಶಾಖವೂ ಕಡಿಮೆ. ಅದನ್ನೇ ನಂಬಿ ಹೋಗಬೇಡಿ. ಜೀವನದಲ್ಲಿ ಒಂದೇ ಸಲ ಹೋಗೋದಾದ್ರೆ ದೊಡ್ಡ ಮಿಟನ್ ಕೊಳ್ಳೋ ಬದಲು ಬಾಡಿಗೆಗೆ ಕೇಳಿ. ಬೆಂಗಳೂರಲ್ಲಿ ಟ್ರೆಕ್ಕಿಂಗ್ ಸಾಮಾನು ಬಾಡಿಗೆಗೆ ಕೊಡೋರಿದ್ದಾರೆ.

ಆರೋಗ್ಯದ ಎರಡು ಮಾತು. ಹಿಮದ ಜಾಗದಲ್ಲಿ ಬೆರಳು ಬೆಳ್ಳಗಾಗಿ, ಮೇಣದ ಹಾಗಾಗಿ, ನೋವೂ ಗೊತ್ತಾಗದಿದ್ರೆ ಅದು ಹಿಮಕಡಿತ ಇರಬಹುದು. ಉಜ್ಜಬೇಡಿ, ಬೆಂಕಿಗೆ ಹಿಡೀಬೇಡಿ. ಸ್ಪರ್ಶ ಇಲ್ಲದ ಕೈಗೆ ಸುಟ್ಟಿದ್ದೂ ಗೊತ್ತಾಗಲ್ಲ. ಮತ್ತೆ ಹೆಪ್ಪುಗಟ್ಟೋ ಭಯ ಇಲ್ಲದ ಜಾಗಕ್ಕೆ ಬಂದ ಮೇಲೆ, ಮೈ ಬಿಸಿಯಷ್ಟೇ ಬೆಚ್ಚಗಿರೋ ನೀರಲ್ಲಿಟ್ಟು ಡಾಕ್ಟರ ಹತ್ತಿರ ಹೋಗಿ. ಇದು ಬುಕ್ಕಾಂಬುಧಿಯಲ್ಲಿ ಆಗೋದಲ್ಲ. ಆದರೆ ನಮ್ಮೂರ ಚಳಿಗೇ ಪದೇ ಪದೇ ನಿಮ್ಮ ಬೆರಳು ಬೆಳ್ಳಗೆ, ಆಮೇಲೆ ನೀಲಿ ಆಗ್ತಿದ್ರೆ, ಗ್ಲೌಸ್ ಬದಲಾಯಿಸ್ತಾ ಕೂರಬೇಡಿ. ಅದು ರಕ್ತನಾಳದ ತೊಂದರೆ ಇರಬಹುದು, ಒಮ್ಮೆ ತೋರಿಸಿ.

ಈಗ ಒಟ್ಟು ಲೆಕ್ಕ. ನಮ್ಮ ಕಡೆ ಚಳಿಗಾಲದ ಫೋಟೋ ಅಂದ್ರೆ ಕಾರ್ತಿಕ ಮುಗಿದ ಮೇಲಿಂದ ಶಿವರಾತ್ರಿವರೆಗೆ. ವಾರಕ್ಕೊಂದು ಸಲ ಹೋದ್ರೆ ಹನ್ನೆರಡೋ ಹದಿಮೂರೋ ಬೆಳಗು. ಮೂರು ಸಾವಿರದ ಗ್ಲೌಸ್ ಎರಡು ವರ್ಷ ಬಂದ್ರೂ ಒಂದು ಬೆಳಗಿಗೆ ಸುಮಾರು ನೂರಿಪ್ಪತ್ತು ರೂಪಾಯಿ ಬಿತ್ತು. ಉಣ್ಣೆ ಮತ್ತು ರಬ್ಬರಿನ ಜೋಡಿ ಒಂದೇ ವರ್ಷ ಬಂದ್ರೂ ಹದಿನೈದು, ಹದಿನಾರು ರೂಪಾಯಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ ಅಂತಾರಲ್ಲ, ದೊಡ್ಡ ಗ್ಲೌಸ್ ಬೇಕೇ ಬೇಕು ಅನ್ನೋರು ಅದಾದ ಮೇಲೆ ವಿಚಾರಿಸಿ. ಆಗ ಕೇಳೋರು ಕಡಿಮೆ, ಚೌಕಾಸಿಗೆ ಜಾಗ ಜಾಸ್ತಿ.

ಸ್ಟುಡಿಯೋ ನಡೆಸೋ ಅಣ್ಣಂದಿರು, ಅಕ್ಕಂದಿರು ಇದನ್ನ ಕೇಳ್ತಿದ್ರೆ ಒಂದು ಮನವಿ. ಬೆಟ್ಟದ ಶೂಟಿಗೆ ಕೊಟೇಶನ್ ಬರೆಯುವಾಗ ಬ್ಯಾಟರಿ, ಪೆಟ್ರೋಲ್, ಊಟ ಅಂತ ಬರೀತೀರಲ್ಲ, ಅದರ ಕೆಳಗೆ ಗ್ಲೌಸ್ ಅಂತ ಇನ್ನೊಂದು ಸಾಲು ಬರೀರಿ. ಹೊರಡೋ ಮೊದಲು ಕ್ಯಾಮೆರಾ ಎಷ್ಟು ಅಂತ ಎಣಿಸೋ ಹಾಗೆ ಕೈ ಎಷ್ಟು ಅಂತಲೂ ಎಣಿಸಿ. ಲೈಟ್ ಹಿಡಿಯೋ ಹುಡುಗನ ಎರಡು ಕೈಯೂ ಆ ಲೆಕ್ಕದಲ್ಲಿರಲಿ. ಮತ್ತೆ ನೀವು ಲೈಟ್ ಹಿಡಿಯೋಕೆ ಹೋಗೋ ಹುಡುಗರಾಗಿದ್ರೆ, ಹಿಂದಿನ ದಿನವೇ ಕೇಳಿ. "ಅಣ್ಣ, ಮೇಲೆ ಗಾಳಿ ಇರುತ್ತೆ, ಗ್ಲೌಸ್ ಕೊಡ್ತೀರಾ, ನಾನೇ ತರ್ಲಾ?" ಅಂತ. ಕೇಳೋದಕ್ಕೆ ನಾಚಿಕೆ ಬೇಡ. ಅದು ಕೆಲಸದ ಸಾಮಾನು.

ನಿಮ್ಮ ಊರಿನ ಚಳಿ ಯಾವುದು, ಕೈಗೆ ಏನು ಹಾಕ್ಕೊಳ್ತೀರ ಅಂತ ಧ್ವನಿ ಸಂದೇಶ ಕಳಿಸಿ. ಒಳ್ಳೆ ಉಪಾಯ ಇದ್ರೆ ಮುಂದಿನ ಸಂಚಿಕೆಯಲ್ಲಿ ನಿಮ್ಮ ಧ್ವನಿಯಲ್ಲೇ ಕೇಳಿಸ್ತೀನಿ. ಟೋಪಿ ಮರೀಬೇಡಿ.